ಶೇಷಗಿರಿರಾಯರ ರೂಲಿಂಗು

ನನಗೆ ಹೊಟ್ಟೆಕಿಚ್ಚು ಇದೆ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಒಪ್ಪಿಕೊಂಡ ಸಂಗತಿಗೆ ಸಾಕ್ಷಿ ಬೇಕಿಲ್ಲ ಎಂಬುದು ನಮ್ಮ ವಕೀಲಿಯ ಮೊದಲ ಪಾಠ. ಮಂದಿಯ ಹೊಲ, ಮನೆ, ಬಂಗಾರ ಕಂಡು ನನಗೆ ಎಂದೂ ಏನೂ ಅನಿಸಿಲ್ಲ. ನನ್ನ ಹೊಟ್ಟೆ ಉರಿದದ್ದು ಒಬ್ಬನೇ ಮನುಷ್ಯನನ್ನು ಕಂಡು. ಅವನು ಶೇಷಗಿರಿ. ಗದಗಿನ ಶಾಲೆಯಲ್ಲಿ ನನ್ನ ಬೆಂಚಿನಲ್ಲೇ ಕುಳಿತವನು, ವಕೀಲಿ ಪರೀಕ್ಷೆಗೆ ನನ್ನ ಟಿಪ್ಪಣಿ ಓದಿ ನನಗಿಂತ ಹೆಚ್ಚು ಅಂಕ ತೆಗೆದವನು, ಆಮೇಲೆ ಅದೇ ಊರಿನ ಕೋರ್ಟಿನಲ್ಲಿ ನನ್ನ ಎದುರಿಗೇ ಕರಿ ಕೋಟು ತೊಟ್ಟು ನಿಂತವನು. ಇಷ್ಟನ್ನೂ ನಾನು ಸಹಿಸಿದ್ದೆ. ಆದರೆ ಅವನ ಹೆಸರು ಕಾಯಿದೆಗೆ ಅಂಟಿಕೊಂಡಿತಲ್ಲ, ಅದನ್ನು ಸಹಿಸಲಾಗಲಿಲ್ಲ.

ಕಾಯಿದೆ ಮಾಡುವವರು ದೊಡ್ಡ ಸಭೆಯಲ್ಲಿ ಕುಳಿತವರು ಎಂದು ಜನ ತಿಳಿದಿದ್ದಾರೆ. ಅವರು ಬರೆಯುವುದೇನೋ ಹೌದು. ಬರೆದದ್ದರ ಅರ್ಥ ಏನು ಎಂದು ಹೇಳುವುದು ಕೋರ್ಟು. ಮೇಲಿನ ಕೋರ್ಟು ಒಂದು ಸಲ 'ಹೀಗೆ' ಎಂದರೆ ಕೆಳಗಿನವರೆಲ್ಲ 'ಹೀಗೇ' ಎನ್ನಬೇಕು. ಆ ತೀರ್ಪು ಪುಸ್ತಕದಲ್ಲಿ ಅಚ್ಚಾಗುತ್ತದೆ, ಅದೇ ರೂಲಿಂಗು. ಪುಸ್ತಕದಲ್ಲಿ ಕಕ್ಷಿದಾರರ ಹೆಸರಿರುತ್ತದೆ. ನಮ್ಮ ಬಾರ್ ರೂಮಿನ ಪದ್ಧತಿಯೇ ಬೇರೆ: ದಾವೆಯನ್ನು ಇಲ್ಲಿ ಮೊದಲು ಹೂಡಿದ ವಕೀಲನ ಹೆಸರಿನಿಂದಲೇ ರೂಲಿಂಗನ್ನು ಕರೆಯುತ್ತೇವೆ. ಅವನು ಸತ್ತರೂ ಹೆಸರು ಉಳಿಯುತ್ತದೆ.

ಸಂಸ್ಥಾನಗಳು ವಿಲೀನವಾಗಿದ್ದ ಹೊಸತು. ಲಕ್ಷ್ಮೇಶ್ವರದ ಒಂದು ಹಿತ್ತಲು, ಅದರೊಳಗೊಂದು ಕಾಲುದಾರಿ. ಇಪ್ಪತ್ತು ವರ್ಷ ಬಿಡದೆ ನಡೆದರೆ ದಾರಿಯ ಹಕ್ಕು ಬರುತ್ತದೆ. ಶೇಷಗಿರಿ ನಡೆಯುವವರ ಕಡೆ, ನಾನು ಹಿತ್ತಲಿನವರ ಕಡೆ. "ಸಂಸ್ಥಾನದ ಕಾಲದಲ್ಲಿ ನಡೆದದ್ದು ಲೆಕ್ಕಕ್ಕಿಲ್ಲ, ಹೊಸ ಸರಕಾರ ಬಂದಿದೆ, ಒಂದರಿಂದ ಎಣಿಸಿರಿ" ಎಂದು ವಾದಿಸಿದೆ. ಗೆದ್ದೆ! ಬಾರ್ ರೂಮಿಗೆಲ್ಲ ಪೇಢೆ ಹಂಚಿದೆ. ಶೇಷಗಿರಿ ಎರಡು ಪೇಢೆ ತಿಂದು, ಬಾಯಿ ಒರೆಸಿಕೊಂಡು, ಅಪೀಲು ಹಾಕಿಸಿದ. ಆ ಖಟ್ಲೆ ಏರುತ್ತ ಏರುತ್ತ ಮುಂಬಯಿಯ ಮೇಲಿನ ಕೋರ್ಟಿಗೆ ಹೋಗಿ, "ಆಳುವವರು ಬದಲಾದರೆ ನಡೆದ ಹೆಜ್ಜೆ ಅಳಿಸಿಹೋಗುವುದಿಲ್ಲ" ಎಂಬ ರೂಲಿಂಗಾಗಿ ಕೆಳಗಿಳಿಯಿತು. ಅಂದಿನಿಂದ ಗದಗು, ಮುಂಡರಗಿ, ಶಿರಹಟ್ಟಿ ಎಲ್ಲೆಲ್ಲೂ 'ಶೇಷಗಿರಿರಾಯರ ರೂಲಿಂಗು'. ನಾನು ಗೆದ್ದಿರದಿದ್ದರೆ ಅವನು ಅಪೀಲಿಗೆ ಹೋಗುತ್ತಿದ್ದನೇ? ಆ ಕಾಯಿದೆಯಲ್ಲಿ ಅರ್ಧ ಪಾಲು ನನ್ನದಲ್ಲವೇ? ಊಟ ಬಿಟ್ಟು ಕುಳಿತ ನನ್ನನ್ನು ಕಂಡು ಹೆಂಡತಿ, "ಹಂಗಾದ್ರ ನೀವು ಸೋತಿದ್ರನ ಛಲೋ ಆಗ್ತಿತ್ತಲ್ರಿ?" ಎಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ, ಅದಕ್ಕೇ ಸಿಟ್ಟು ಬಂತು.

ಮುಂದೆ ಕರ್ನಾಟಕ ಒಂದಾಯಿತು. ಮೆರವಣಿಗೆಯಲ್ಲಿ ನಾನು ಜೈಕಾರ ಹಾಕಿದ ಭರಕ್ಕೆ ಮೂರು ದಿನ ಗಂಟಲು ಕಟ್ಟಿತ್ತು. ಕನ್ನಡದ ಮೇಲೆ ಪ್ರೀತಿ ಇತ್ತು, ಖರೆ. ಆದರೆ ಇನ್ನು ಮುಂಬಯಿ ಕೋರ್ಟು ನಮಗೆ ಮೇಲಿನದಲ್ಲ, ಶೇಷಗಿರಿಯ ರೂಲಿಂಗಿನ ಕಥೆ ಮುಗಿಯಿತು ಎಂಬ ಸಂತೋಷ ಆ ಕೂಗಿನಲ್ಲಿ ಎಷ್ಟಿತ್ತೆಂದು ನನ್ನನ್ನು ಕೇಳಬೇಡಿ.

ಅಂಥ ಹೊತ್ತಿಗೆ ಶಿರಹಟ್ಟಿಯಿಂದ ಬಸವ್ವ ಬಂದಳು. "ಸಾಹೇಬ್ರ, ನಾ ಮದುವಿಯಾಗಿ ಬಂದಾಗಿಂದ ಬಾಜೂ ಮನಿಯವರ ಹಿತ್ತಲದಾಗ ಹಾದು ಬಾವಿಗೆ ಹೋಗೇನ್ರಿ. ಈಗ ಮುಳ್ಳು ಬಡದಾರ. ಸುತ್ತ ಹಾಕಿ ಹೋದ್ರ ಎರಡು ಕೊಡಕ್ಕ ಹೊತ್ತು ಏರತೈತಿ. ಮೊಣಕಾಲು ಬ್ಯಾರೆ ಹೋಗ್ಯಾವ" ಎಂದು ನೆಲಕ್ಕೆ ಕುಳಿತಳು. ಶಿರಹಟ್ಟಿಯೂ ಸಂಸ್ಥಾನದ್ದೇ. ವಿಲೀನದ ಮೇಲಿನ ವರ್ಷಗಳನ್ನಷ್ಟೇ ಎಣಿಸಿದರೆ ಇಪ್ಪತ್ತು ತುಂಬುವುದಿಲ್ಲ. ಬೇರೆ ಯಾವುದಾದರೂ ರೂಲಿಂಗು ಸಿಕ್ಕೀತೇ ಎಂದು ವಾರಗಟ್ಟಲೆ ಪುಸ್ತಕದ ಧೂಳು ಕುಡಿದೆ. ಸಿಗಲಿಲ್ಲ. ಬಸವ್ವನ ನೀರು ಶೇಷಗಿರಿಯ ಹೆಸರಿನಲ್ಲೇ ಸಿಕ್ಕಿಕೊಂಡಿತ್ತು. ಹಲ್ಲು ಕಚ್ಚಿ ಅದನ್ನೇ ನೆಚ್ಚಿ ದಾವೆ ಹೂಡಿದೆ.

ಎದುರು ವಕೀಲ ಯಾರು? ಶೇಷಗಿರಿಯೇ! ಅವನು ಎದ್ದು, ಆ ರೂಲಿಂಗು ಮುಂಬಯಿಯದು, ಈಗ ರಾಜ್ಯ ಬದಲಾಗಿದೆ, ಈ ಕೋರ್ಟು ಅದನ್ನು ಒಪ್ಪಬೇಕಿಲ್ಲ ಎಂದು ಶುರು ಮಾಡಿದ. ಎಲಾ ಇವನ! ತಾನೇ ಕಟ್ಟಿದ ಮನೆಗೆ ತಾನೇ ಹಾರೆ ಹಾಕುತ್ತಿದ್ದ, ಅದೂ ನನ್ನ ಹಳೆಯ ವಾದದ ಹಾರೆ. ನಾನು ಬಾಯಿ ಮುಚ್ಚಿಕೊಂಡು ಕುಳಿತಿದ್ದರೆ ಸಾಕಿತ್ತು, ಆ ರೂಲಿಂಗು ಅಂದೇ ನೆಲಸಮವಾಗುತ್ತಿತ್ತು. ಸುಳ್ಳೇಕೆ ಹೇಳಲಿ, ಒಂದು ಗಳಿಗೆ ಕುಳಿತೇ ಇದ್ದೆ. ಬಾಗಿಲ ಬಳಿ ಬಸವ್ವ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದಳು. ಎದ್ದೆ.

"ಸರಕಾರ ಬದಲಾದರೆ ಹೆಜ್ಜೆ ಅಳಿಸಿಹೋಗುವುದಿಲ್ಲವಂತೆ; ರಾಜ್ಯ ಬದಲಾದರೆ ತೀರ್ಪು ಮಾತ್ರ ಹೇಗೆ ಅಳಿಸಿಹೋಗುತ್ತದೆ ಸ್ವಾಮಿ? ಇಷ್ಟು ವರ್ಷ ಈ ಸೀಮೆಯ ಜನ ಇದನ್ನೇ ನಂಬಿ ನಡೆದಿದ್ದಾರೆ. ಇದೂ ಒಂದು ಕಾಲುದಾರಿಯೇ" ಎಂದೆ. ಆ ಮಾತು ಎಲ್ಲಿಂದ ಬಂತೋ! ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ನ್ಯಾಯಾಧೀಶರು ಲೇಖನಿ ಎತ್ತಿ, "ಯಾವ ತೀರ್ಪು ಅಂದಿರಿ?" ಎಂದರು. ಕಕ್ಷಿದಾರರ ಹೆಸರು ಹೇಳಬೇಕಿತ್ತು. ಬಾರ್ ರೂಮಿನ ರೂಢಿ, ನಾಲಿಗೆ ಕೇಳಲಿಲ್ಲ. "ಶೇಷಗಿರಿರಾಯರ ರೂಲಿಂಗು" ಎಂದುಬಿಟ್ಟೆ.

ಬಸವ್ವ ಗೆದ್ದಳು. ತೀರ್ಪಿನಲ್ಲಿ, 'ಈ ಭಾಗದಲ್ಲಿ ಶೇಷಗಿರಿರಾಯರ ರೂಲಿಂಗು ಎಂದು ಹೆಸರಾದ ತತ್ವ' ಎಂದು ನ್ಯಾಯಾಧೀಶರು ಬರೆದಿದ್ದರು. ಅಲ್ಲಿಯವರೆಗೆ ಚಹಾದ ಜೊತೆ ಓಡಾಡುತ್ತಿದ್ದ ಹೆಸರನ್ನು ಕೋರ್ಟಿನ ಕಾಗದಕ್ಕೆ ಹತ್ತಿಸಿದವನು ನಾನು. ಕಾಲುದಾರಿಯ ನನ್ನ ಮಾತೂ ಅದರಲ್ಲಿತ್ತು, ನನ್ನ ಹೆಸರಿಲ್ಲದೆ. ಉಳಿದದ್ದು ಒಂದೇ ಆಸೆ: ಈ ದಾವೆ ಹೂಡಿದವನು ನಾನು, ಈಗ ನಮಗೆ ಮೇಲಿನದಾದ ಬೆಂಗಳೂರು ಕೋರ್ಟಿಗೆ ಇದು ಹೋದರೆ ರೂಲಿಂಗು ನನ್ನ ಹೆಸರಿನದಾಗುತ್ತದೆ. ಶೇಷಗಿರಿಯನ್ನು ಬೇವಿನ ಗಿಡದ ಕೆಳಗೆ ಹಿಡಿದೆ.

"ಶೇಷ್ಯಾ, ಅಪೀಲ ಹಾಕಸೋ. ಬೆಂಗಳೂರಾಗ ನನ್ನ ವಾದ ಪುಸ್ತಕದಾಗ ಅಚ್ಚಾಗಲಿ."

"ಹುಚ್ಚ ಹಿಡದದೇನಲೇ ನಿನಗ? ಗೆದ್ದಾಂವ ಅಪೀಲ ಹಾಕು ಅಂತಾನೇನು?" ಎಂದು ಹೊಟ್ಟೆ ಹಿಡಿದು ನಕ್ಕ. "ನನ್ನ ಕಕ್ಷಿದಾರಗ ಸಾಕಾಗೇದ, ಮುಳ್ಳು ತಗಸ್ಯಾನ. ಮ್ಯಾಲ ನನ್ನ ಹೆಸರು ನೀನ ಬರಸೀದಿ. ಅದನ್ನ ಅಳಸಾಕ ನಾನ ಹೋಗ್ಲ್ಯಾ?"

ಸೋತವನು ನಗುತ್ತ ಮನೆಗೆ ಹೋದ, ಗೆದ್ದ ನಾನು ಮುಖ ಇಳಿಬಿಟ್ಟುಕೊಂಡು ಬಂದೆ. ನಮ್ಮ ಮನೆಯ ಕಟ್ಟೆಯ ಮೇಲೆ ಬಸವ್ವ ಕುಳಿತಿದ್ದಳು. ಆ ಬಾವಿಯ ನೀರನ್ನು ಚರಿಗೆಯಲ್ಲಿ ತುಂಬಿ, ಮೇಲೆ ಬಟ್ಟೆ ಕಟ್ಟಿ, ಶಿರಹಟ್ಟಿಯಿಂದ ಬಸ್ಸಿನಲ್ಲಿ ತಂದಿದ್ದಳು.

"ಕುಡೀರಿ ಸಾಹೇಬ್ರ. ನಿಮ್ಮ ಹೊಟ್ಟಿ ತಣ್ಣಗಿರಲಿ."

ಒಳಗೆ ಹೆಂಡತಿ ಕಿಸಕ್ಕನೆ ನಕ್ಕದ್ದು ಕೇಳಿಸಿತು. ನಾನು ಚರಿಗೆ ಎತ್ತಿ ಪೂರ್ತಿ ಕುಡಿದೆ. ಇನ್ನೊಂದು ಚರಿಗೆ ಬೇಕಾಗಿತ್ತು.