ಹಿಟ್ಟಿನ ಡಬ್ಬಿಯ ಮೇಲಿನ ಚದುರಂಗ ಹಲಗೆ

ನನ್ನ ಗಂಡ ಸೋತು ಬಂದ ಹಲಗೆಯನ್ನು ನಾನು ಗೆದ್ದು ತರುತ್ತೇನೆ! ಎಳ್ಳಮಾವಾಸ್ಯೆಯ ದಿನ ಬಸವನ ಬಾಗೇವಾಡಿಯ ಬೀಗರ ಹೊಲದಲ್ಲೇ, ಬೀಗರ ರಾಜನನ್ನು ಮೂಲೆಗೆ ಒತ್ತಿ, ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಸಿಂದಗಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಬರುತ್ತೇನೆ!

2007ರ ಬನ್ನಿ ಹಬ್ಬದ ಮರುದಿನ ಅಡುಗೆಮನೆಯ ನಡುವೆ ನಿಂತು ನಾನು ಹೀಗೆಂದು ಶಪಥ ಮಾಡಿದೆ. ಆಗ ನನಗೆ ಅರವತ್ತೆಂಟು. ಓದಿದ್ದು ನಾಲ್ಕನೆಯ ಇಯತ್ತೆ. ಕೈಯಲ್ಲಿ ಲಟ್ಟಣಿಗೆ ಇತ್ತು, ಆದ್ದರಿಂದ ಯಾರೂ ನಗಲಿಲ್ಲ.

ಸಿಟ್ಟಿಗೆ ಕಾರಣ ಹೇಳುತ್ತೇನೆ, ಕೇಳಿ. ನಮ್ಮ ಮನೆಯವರು ನಾಲತವಾಡದ ಬಡಿಗನ ಹತ್ತಿರ ಮೂರು ಸಲ ಹೋಗಿ, ಎದುರಿಗೆ ಕೂತು ಮಾಡಿಸಿದ ಸಾಗವಾನಿ ಹಲಗೆ ಅದು. ಕಪ್ಪು ಮನೆಗಳಿಗೆ ಬಣ್ಣ ಬಳಿದದ್ದಲ್ಲ, ಕಾಸಿದ ಕಬ್ಬಿಣದಿಂದ ಒಂದೊಂದಾಗಿ ಸುಟ್ಟದ್ದು. ಮಗಳು ಭಾಗ್ಯಜ್ಯೋತಿಯನ್ನು ಬಾಗೇವಾಡಿಗೆ ಕೊಟ್ಟ ಮೇಲೆ ಅವಳ ಮಾವ ರೇವಪ್ಪನವರಿಗೂ ಇವರೇ ಆಟ ಕಲಿಸಿದರು. ಕಲಿತವರು ಸುಮ್ಮನಿರುತ್ತಾರೆಯೇ? ಒಂದು ಎಳ್ಳಮಾವಾಸ್ಯೆಯಲ್ಲಿ ಗೆದ್ದವರು ಹಲಗೆ ಒಯ್ಯಬೇಕು ಎಂದು ಪಂತ ಕಟ್ಟಿದರು. ಇವರು ಸೋತರು. ಮುಂದಿನ ವರ್ಷ ತರುತ್ತೇನೆ ಬಿಡು ಅಂದರು. ಮುಂದಿನ ವರ್ಷಕ್ಕೆ ಇವರೇ ಇರಲಿಲ್ಲ.

ಐದು ವರ್ಷ ನಾನು ತುಟಿ ಬಿಚ್ಚಲಿಲ್ಲ. ಆದರೆ ಬನ್ನಿ ಹಬ್ಬದ ಮರುದಿನ ಮಗಳು ಫೋನಿನಲ್ಲಿ ಅದೂ ಇದೂ ಮಾತಾಡುತ್ತ, ಅವರ ಮನೆಯ ಹಿಟ್ಟಿನ ಡಬ್ಬಿಯ ಮುಚ್ಚಳ ಕಳೆದದ್ದನ್ನೂ ಅಪ್ಪನ ಹಲಗೆ ಅದರ ಮೇಲೆ ಅಳತೆ ತೆಗೆದ ಹಾಗೆ ಕೂತದ್ದನ್ನೂ ಸಂತೋಷದಿಂದ ಹೇಳಿದಳು. ಸಾಗವಾನಿ ಹಲಗೆ! ಜೋಳದ ಹಿಟ್ಟಿಗೆ ಮುಚ್ಚಳ! ನನ್ನ ಮೈಯೆಲ್ಲ ಉರಿದುಹೋಯಿತು. ಫೋನನ್ನು ಮಾವನ ಕೈಗೆ ಕೊಡು ಅಂದೆ.

"ಬೀಗರ, ಎಳ್ಳಮಾಸಿಗೆ ನಿಮ್ಮ ಹೊಲಕ್ಕ ಬರ್ತೇನಿ. ಹಲಗಿ ಒರಸಿ ಇಡ್ರಿ. ಈ ಸಲ ನಾ ಆಡಾಕಿ ಅದೇನಿ."

"ಬರ್ರಿ ಬರ್ರಿ," ಎಂದರು ರೇವಪ್ಪನವರು. "ಆದ್ರ ನೀವು ಆಡಾಕ ಕುಂತ್ರ ಭಜ್ಜಿ ಯಾರು ಮಾಡ್ತಾರ?"

ಅದಾದ ಮೇಲೆಯೇ ಲಟ್ಟಣಿಗೆ ಎತ್ತಿದ್ದು.

ಶಪಥವೇನೋ ಆಯಿತು, ಆಡಲು ಜೊತೆ ಬೇಕಲ್ಲ? ನಲವತ್ತು ವರ್ಷ ಚಹಾ ತಂದಿಡುತ್ತ ನೋಡಿ ಕಲಿತವಳು ನಾನು. ಇವರಿಗೆ ಬೇರೆ ಯಾರೂ ಸಿಗದ ಸಂಜೆ ನನ್ನನ್ನು ಕೂಡಿಸಿಕೊಂಡು ಆಡಿದ್ದಷ್ಟೇ ಅಭ್ಯಾಸ. ಅಷ್ಟರಲ್ಲಿ ಒಂದು ದಿನ ರೇಶನ್ ಕಾರ್ಡಿನ ಝೆರಾಕ್ಸ್ ಮಾಡಿಸಲು ಹಳೆಯ ಬಸ್ ಸ್ಟ್ಯಾಂಡಿನ ಹಿಂದಿನ ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿ ನಡೆಸುವವಳು ಆಯೇಶಾ, ಎರಡು ಮಕ್ಕಳ ತಾಯಿ, ಮಾತು ಕಡಿಮೆ. ಅವಳ ಮುಂದಿನ ಪರದೆಯ ಮೇಲೆ ಚದುರಂಗದ ಮನೆಗಳು ಕಂಡವು! ಜಗತ್ತಿನ ಯಾವ ಮೂಲೆಯಲ್ಲಿದ್ದವರ ಜೊತೆಗೂ ಇಲ್ಲಿಂದಲೇ ಆಡಬಹುದಂತೆ. ಬಾಗೇವಾಡಿಯ ಒಬ್ಬನನ್ನು ಸೋಲಿಸಲು ಜಗತ್ತನ್ನೇ ತಾಲೀಮಿಗೆ ಇಟ್ಟುಕೊಂಡರೆ ಹೇಗೆ? ಅಂದೇ ಆಯೇಶಾ ನನ್ನ ಹೆಸರು ದಾಖಲು ಮಾಡಿದಳು. ಸಿಂದಗಿಯ ಶಂಕ್ರೆವ್ವ ಅಂತರರಾಷ್ಟ್ರೀಯ ಅಖಾಡಕ್ಕೆ ಇಳಿದಳು.

ಇಳಿದ ಮೊದಲ ದಿನವೇ ಜಗಳ. ಎದುರಾಳಿ ಯಾರೋ ಕೆಂಪು-ಬಿಳಿ ಬಾವುಟದವನು. ಅವನ ಆನೆ ಬಂದು ನನ್ನ ರಾಜನಿಗೆ ಶಹ ಕೊಟ್ಟಿತು. ನಾನು ಹೆದರಲಿಲ್ಲ. ನಮ್ಮ ಕಡೆಯ ಆಟದಲ್ಲಿ ರಾಜನಿಗೆ ಒಂದು ಸವಲತ್ತು ಉಂಟು. ಇಡೀ ಆಟದಲ್ಲಿ ಒಂದೇ ಒಂದು ಸಲ, ಬೇಕೆಂದಾಗ, ಅವನು ಕುದುರೆಯ ಹಾಗೆ ಹಾರಿ ತಪ್ಪಿಸಿಕೊಳ್ಳಬಹುದು. ನಾನು ರಾಜನನ್ನು ಹಿಡಿದು ಹಾರಿಸಿದೆ. ಅವನು ರಬ್ಬರು ಕಟ್ಟಿದ ಹಾಗೆ ತಿರುಗಿ ಬಂದು ಅಲ್ಲೇ ಕೂತ. ಮತ್ತೆ ಹಾರಿಸಿದೆ, ಮತ್ತೆ ಬಂದ. ಮೌಸನ್ನು ಟೇಬಲ್ಲಿಗೆ ಕುಟ್ಟಿದೆ.

"ಆಯಿ, ಮೌಸ್ ಚಲೋನ ಐತಿ," ಎಂದಳು ಆಯೇಶಾ. "ರಾಜಾ ಹಂಗ ಹಾರಂಗಿಲ್ಲ."

"ನಮ್ಮ ಮನ್ಯಾಗ ನಲ್ವತ್ತು ವರ್ಷ ಹಾರ್ಯಾನ."

"ಇದು ಇಡೀ ದುನಿಯಾದ ಕಾಯ್ದೆ, ಆಯಿ."

"ಕಾಯ್ದೆ ಮಾಡೂ ಮುಂದ ದುನಿಯಾ ನಮ್ಮ ಮನಿಯವರ್ನ ಒಂದು ಮಾತು ಕೇಳಿತ್ತೇನು?"

ನಾನು ಪಕ್ಕದ ಕಂಪ್ಯೂಟರಿಗೆ ಹೋಗಿ ಕೂತೆ. ಅದರಲ್ಲೂ ರಾಜ ಹಾರಲಿಲ್ಲ. ಮೂರನೆಯದಕ್ಕೆ ಹೋದೆ. ಅದೂ ಅದೇ ಜಾತಿ. ಮೂರೂ ಕೂಡಿ ಸಂಚು ಮಾಡಿವೆ ಎಂದು ಅಂಗಡಿಯಲ್ಲಿದ್ದ ಗಿರಾಕಿಗಳಿಗೆಲ್ಲ ಕೇಳುವ ಹಾಗೆ ಹೇಳಿ ಮನೆಗೆ ಬಂದೆ. ಮರುದಿನ ಹೋಗಬಾರದೆಂದು ನಿಶ್ಚಯಿಸಿದ್ದೆ. ಹನ್ನೊಂದು ಗಂಟೆಗೇ ಹೋದೆ.

ಒಂದು ತಿಂಗಳಲ್ಲಿ ನಲವತ್ತೊಂದು ಆಟ ಆಡಿದೆ. ಮೂವತ್ತೆಂಟು ಸೋತೆ. ಒಂದರಲ್ಲಂತೂ ನಾಲ್ಕೇ ನಡೆ! ಕೂತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಮುಗಿದುಹೋಗಿತ್ತು. ಉಳಿದ ಮೂರನ್ನು ಗೆದ್ದೆನಲ್ಲ ಎಂದು ಬೀಗುತ್ತಿದ್ದೆ. ಆ ಮೂವರೂ ಆಟದ ನಡುವೆ ಎದ್ದು ಹೋದವರು ಎಂದು ಆಯೇಶಾ ಹೇಳಿದಳು. ಅವಳು ಅದನ್ನು ಹೇಳಬೇಕಾದ ಅಗತ್ಯವೇನೂ ಇರಲಿಲ್ಲ.

ಆದರೆ ಉಪಾಯವನ್ನೂ ಅವಳೇ ಹೇಳಿಕೊಟ್ಟಳು. ನಾನು ಆಡಿದ ಒಂದೊಂದು ನಡೆಯನ್ನೂ ಕಂಪ್ಯೂಟರ್ ನೆನಪಿಟ್ಟುಕೊಂಡಿದೆಯಂತೆ. ಸೋತ ಆಟವನ್ನು ಮೊದಲಿನಿಂದ ಬಿಡಿಸಿ ನೋಡಿದರೆ ಎಲ್ಲಿ ಕೆಟ್ಟಿತು ಎಂಬುದು ತಿಳಿಯುತ್ತದಂತೆ. ಅವಳು ಆ ನಡೆಗಳನ್ನೆಲ್ಲ ಕಾಗದದ ಮೇಲೆ ತೆಗೆದು, ಇಂಗ್ಲಿಷ್ ಅಕ್ಷರದ ಪಕ್ಕ ಕನ್ನಡದಲ್ಲಿ ಬರೆದು ಕೊಟ್ಟಳು. ಮೂವತ್ತೆಂಟು ಸೋಲಿನ ಕಟ್ಟು! ಲಗ್ನಪತ್ರಿಕೆಗಳ ಹಾಗೆ ಎದೆಗವಚಿಕೊಂಡು ಮನೆಗೆ ತಂದೆ.

ಬಿಡಿಸಿ ನೋಡಲು ಮನೆಯಲ್ಲಿ ಹಲಗೆಯಿಲ್ಲ, ಅದು ಬಾಗೇವಾಡಿಯಲ್ಲಿ ಹಿಟ್ಟು ಕಾಯುತ್ತಿದೆ. ಹಾಗಾದರೆ? ನಮ್ಮ ಅಡುಗೆಮನೆಗೆ ಮಗ ಹಿಂದಿನ ವರ್ಷ ಕಪ್ಪು-ಬಿಳಿ ಫರಸಿ ಹಾಕಿಸಿದ್ದ. ಎಣಿಸಿದೆ. ಅಡ್ಡಕ್ಕೆ ಸರಿಯಾಗಿ ಎಂಟು! ಸ್ಟೀಲಿನ ಪಾತ್ರೆಗಳೆಲ್ಲ ನನ್ನ ಪಡೆ, ಹಿತ್ತಾಳೆ ಮತ್ತು ಕಬ್ಬಿಣ ಎದುರಾಳಿಯದು. ಬಟ್ಟಲಿನಂಥ ವಾಟಗಗಳು ಪ್ಯಾದೆ, ಚರಿಗೆಗಳು ಕುದುರೆ, ಎಣ್ಣೆಯ ಡಬ್ಬಿಗಳು ಒಂಟೆ. ನನ್ನ ರಾಜ ನಮ್ಮ ದೊಡ್ಡ ಹಿಟ್ಟಿನ ಡಬ್ಬಿ. ಎದುರಾಳಿಯ ವಜೀರ ರೊಟ್ಟಿಯ ತವೆ.

ಸೊಸೆ ವಿಜಯಶ್ರೀ ಮೊದಲ ದಿನ ನಕ್ಕಳು. ಎರಡನೆಯ ದಿನ ಪಾತ್ರೆಗಳ ನಡುವೆ ಕಾಲು ಎತ್ತೆತ್ತಿ ಇಟ್ಟು ಒಲೆಯ ಕಟ್ಟೆ ಮುಟ್ಟಿದಳು. ಮೂರನೆಯ ದಿನ ತವೆಗೆ ಕೈಹಾಕಿದಳು.

"ಮುಟ್ಟಬ್ಯಾಡ," ಎಂದೆ. "ಅದು ಎಲ್ಲಿಂದ ಬಂದು ನನ್ನ ರಾಜನ ಕೊಂದಿತು ಅಂತ ಇನ್ನೂ ಸಿಕ್ಕಿಲ್ಲ."

"ಅತ್ತೀ, ಅದು ಒಲಿ ಮ್ಯಾಲೆ ಬರಲಿಲ್ಲ ಅಂದ್ರ ನಿಮ್ಮ ಮಗ ಉಪಾಸ ಸಾಯ್ತಾನ."

"ಒಂದ ತಾಸು ತಡಿ ಅನ್ನು."

ಆ ಒಂದು ತಾಸಿನಲ್ಲೇ ನನಗೆ ಸತ್ಯದ ಸಾಕ್ಷಾತ್ಕಾರವಾಯಿತು. ಮೂವತ್ತೆಂಟರಲ್ಲಿ ಇಪ್ಪತ್ತಮೂರು ಸೋಲಿಗೆ ಒಂದೇ ಕಾರಣ. ಆಟ ಶುರುವಾದ ಕೂಡಲೇ ನಾನು ವಜೀರನನ್ನು ಸಂತೆಗೆ ಹೊರಟವನ ಹಾಗೆ ಹೊರಗೆ ಕಳಿಸುತ್ತೇನೆ, ಯಾರೋ ಒಬ್ಬ ಕುದುರೆಯವನು ಹೊಡೆಯುತ್ತಾನೆ. ಇಪ್ಪತ್ತಮೂರು ಸಲ! ಬೇರೆ ಯಾರೂ ಅಲ್ಲ, ನಾನೇ! ಸಿಟ್ಟು ತಡೆಯಲಾರದೆ ಎದುರಿಗಿದ್ದ ನನ್ನ ರಾಜನಿಗೇ ಒಂದು ಒದೆ ಕೊಟ್ಟೆ. ಹಿಟ್ಟಿನ ಡಬ್ಬಿ ಉರುಳಿತು, ಹಿಟ್ಟು ಎರಡೂ ಪಡೆಗಳ ಮೇಲೆ ಬಿತ್ತು, ಮುಚ್ಚಳ ಹೋಗಿ ಒರಳುಕಲ್ಲಿಗೆ ಬಡಿದು ಹಪ್ಪಳವಾಯಿತು. ಎಷ್ಟು ಬಡಿದು ಸರಿಮಾಡಿದರೂ ಅದು ಮತ್ತೆ ಡಬ್ಬಿಗೆ ಕೂಡಲಿಲ್ಲ. ವಿಜಯಶ್ರೀ ಕಸಬರಿಗೆ ತಂದು ಹಿಟ್ಟು ಬಳಿಯತೊಡಗಿದಳು. ಅವಳು ಬೈಯದೆ ಕೆಲಸ ಮಾಡಿದರೆ ನನಗೆ ಹೆದರಿಕೆ.

ಅಂದಿನಿಂದ ನೂರು ಪುಟದ ವಹಿಯಲ್ಲಿ ಪಾಠ ಬರೆಯತೊಡಗಿದೆ. ಪಾಠ ಒಂದು: ವಜೀರನನ್ನು ಮನೆಯಲ್ಲಿ ಕೂಡಿಸು. ಪಾಠ ಎರಡು: ರಾಜನಿಗೆ ಹಾರಲು ಬರುವುದಿಲ್ಲ, ಆ ಆಸೆ ಬಿಡು. ಪಾಠ ಮೂರು: ಎದುರಿನವರು ಏನು ಮಾಡಿದರು, ಯಾಕೆ ಮಾಡಿದರು ಎಂದು ಕೇಳಿಕೊಂಡ ಮೇಲೆಯೇ ಕೈ ಎತ್ತು. ಮೂರೂ ಪಾಠ ಬಾಯಿಪಾಠವಾದವು. ಎರಡನೆಯ ತಿಂಗಳು ಹತ್ತರಲ್ಲಿ ಆರು ಗೆದ್ದೆ, ಅದೂ ಎದುರಿಗೆ ಮನುಷ್ಯರು ಕೂತಿದ್ದಾಗ! ಕರೆಂಟ್ ಹೋಗಿ ಸೋತದ್ದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎಳ್ಳಮಾವಾಸ್ಯೆ ಬಂತು. ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ನಾನು, ಮಗ, ವಿಜಯಶ್ರೀ ದೇವರ ಹಿಪ್ಪರಗಿ ಮೇಲಿನ ಬಸ್ಸು ಹಿಡಿದು ಬಾಗೇವಾಡಿಗೆ ಹೋದೆವು. ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಊಟ ಮುಗಿಸಿ, ಬೇವಿನ ಮರದ ಕೆಳಗೆ ಕಂಬಳಿ ಹಾಸಿದರು. ರೇವಪ್ಪನವರು ಹಲಗೆ ತಂದಿಟ್ಟರು. ಸುಟ್ಟ ಮನೆಗಳ ಸಂದಿಯಲ್ಲಿ ಜೋಳದ ಹಿಟ್ಟು! ನಾನು ಸೆರಗಿನಿಂದ ಒಂದೊಂದು ಮನೆಯನ್ನೂ ಒರೆಸಿದೆ. ಒರೆಸುವಾಗ ಕಣ್ಣಿಗೆ ಹಿಟ್ಟು ಹೋಯಿತು ಎಂದು ಹೇಳಿದೆ.

ಬಿಳಿ ನನ್ನದು. ಮೊದಲ ನಡೆಯಲ್ಲೇ ಪ್ಯಾದೆಯನ್ನು ಎರಡು ಮನೆ ಮುಂದೆ ಇಟ್ಟೆ.

"ಇದೇನ್ರಿ? ಪ್ಯಾದಿ ಒಂದ ಮನಿ ಅಲ್ಲೇನು ನಡಿಯೂದು?"

"ದುನಿಯಾದ ಕಾಯ್ದೆ ಬೀಗರ. ಕಂಪ್ಯೂಟರದಾಗ ಹಿಂಗ ಐತಿ."

"ಆಗ್ಲಿ. ನೀವು ನಿಮ್ಮ ಹೊಸಾ ಕಾಯ್ದೆಲೆ ಆಡ್ರಿ, ನಾ ನಮ್ಮ ಹಳೇ ಪದ್ಧತಿಲೆ ಆಡ್ತೇನಿ. ನಡೀತೈತೇನು?"

ಪಾಪ, ಹಳ್ಳಿಯ ಮನುಷ್ಯ, ಒಂದೊಂದೇ ಮನೆ ತೆವಳುತ್ತಾನೆ ಎಂದುಕೊಂಡೆ. "ನಡೀತೈತಿ, ಹೆಂಗ ಬೇಕಾದ್ರೂ ಆಡ್ರಿ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಪಾಠ ಮೂರು ಅಲ್ಲೇ ವಹಿಯಲ್ಲಿ ಮಲಗಿತ್ತು, ವಹಿ ಚೀಲದಲ್ಲಿತ್ತು.

ಏನು ಆಟ ಆಡಿದೆ ಅಂತೀರಿ! ವಜೀರ ಹೊಸ್ತಿಲು ದಾಟಲಿಲ್ಲ. ಕುದುರೆಗಳು ನಡುವೆ ಬಂದು ನಿಂತವು. ಬೀಗರ ಒಂದು ಆನೆ ಹೊಡೆದೆ, ಎರಡೂ ಒಂಟೆ ಹೊಡೆದೆ. ಅವರು ಎಲೆ-ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ಆಮೇಲೆ ನನ್ನ ಇಡೀ ದಂಡನ್ನು ಅವರ ರಾಜನ ಮನೆಯ ಮುಂದೆ ಇಳಿಸಿ, ಆ ವೇಳೆಗೆ ವಜೀರನನ್ನೂ ಕರೆತಂದು ಇಟ್ಟೆ. ಆ ಕಡೆ ಹೋದರೆ ಕುದುರೆ, ಈ ಕಡೆ ಹೋದರೆ ಒಂಟೆ, ನಿಂತರೆ ವಜೀರ. ದಾರಿಯೇ ಇಲ್ಲ!

"ಶಹ," ಎಂದೆ. "ಶಹ ಏನು, ಮುಗೀತು. ಏ ಭಾಗ್ಯಾ, ಹಲಗಿ ಕಟ್ಟಾಕ ಒಂದು ಅರಿವಿ ತೊಗೊಂಡು ಬಾ."

ರೇವಪ್ಪನವರು ಅವಸರ ಮಾಡಲಿಲ್ಲ. ರಾಜನನ್ನು ಎರಡು ಬೆರಳಲ್ಲಿ ಎತ್ತಿದರು. ಕುದುರೆಯ ಹಾಗೆ ಹಾರಿಸಿ ನನ್ನ ದಂಡಿನ ಆಚೆಗೆ ಇಟ್ಟರು.

"ಇದು ಮೋಸ!" ಎಂದು ನಾನು ಎದ್ದು ನಿಂತೆ. "ರಾಜಾ ಎಲ್ಲೆರೆ ಹಾರ್ತಾನೇನ್ರಿ?"

"ಬೀಗರ, ಒಂದ ಸಲ ಹಾರ್ತಾನ ಅಂತ ನನಗ ಕಲಿಸಿದಾವ್ರು ನಿಮ್ಮ ಮನಿಯವರು. ಸುಳ್ಳ ಹೇಳಿದ್ರ ಅಂತೀರೇನು?"

ಎದ್ದವಳು ಮತ್ತೆ ಕೆಳಗೆ ಕೂತೆ. ನನ್ನ ದಂಡೆಲ್ಲ ಅವರ ಊರಿನಲ್ಲಿ, ನನ್ನ ರಾಜನೊಬ್ಬನೇ ಮನೆಯಲ್ಲಿ. ನಾನು ಸಿಟ್ಟಿನಲ್ಲಿ ಒಂದು ಪ್ಯಾದೆ ಹೊಡೆಯುವಷ್ಟರಲ್ಲಿ ಅವರ ಉಳಿದ ಆನೆ ನೆಟ್ಟಗೆ ನಡೆದು ಬಂದು ನನ್ನ ರಾಜನ ಬಾಗಿಲಿಗೆ ನಿಂತಿತು. ಆಟ ಮುಗಿಯಿತು. ನನ್ನ ರಾಜನೂ ಒಮ್ಮೆ ಹಾರಬಹುದಿತ್ತು! ಆದರೆ ನಾನು ಹೊಸ ಕಾಯ್ದೆಯವಳೆಂದು ಊರ ಮುಂದೆ ಸಾರಿದ್ದೆನಲ್ಲ. ಮಗಳು ತಂದ ಅರಿವೆಯಲ್ಲಿ ಉಳಿದ ಹೋಳಿಗೆ ಕಟ್ಟಿಕೊಂಡು ಬಂದೆವು. ಸಿಕ್ಕಿದ್ದು ಹಿಂದಿನ ಸೀಟು.

ಸೋತ ಆಟದಿಂದ ಕಲಿಯಬೇಕಲ್ಲ? ಮರುದಿನ ಆಯೇಶಾಳ ಅಂಗಡಿಗೆ ಹೋಗಿ ಒಂದೊಂದೇ ನಡೆ ನೆನಪಿನಿಂದ ಹೇಳಿದೆ. ನನ್ನ ನೆನಪು ಕೆಡುವುದಿಲ್ಲ. ಅವಳು ಕಂಪ್ಯೂಟರಿನಲ್ಲಿ ಎರಡೂ ಕಡೆಯ ಕಾಯಿ ನಡೆಸುತ್ತ ಬಂದಳು. ನಾನು ಶಹ ಕೊಟ್ಟ ಜಾಗಕ್ಕೆ ಬಂದಾಗ ಅದು ನಿಂತುಬಿಟ್ಟಿತು.

"ಮುಂದಿನ ನಡಿ ತೊಗೊಳ್ಳವಲ್ದು, ಆಯಿ. ಇಲ್ಲಿಗೇ ಆಟ ಮುಗೀತಂತ. ಬಿಳಿ ಗೆದ್ದೈತಂತ."

ಬಿಳಿ ಅಂದರೆ ನಾನು! ಮೊದಲ ದಿನ ಬೈದದ್ದಕ್ಕೆ ಆ ಮಶೀನಿನ ತಲೆ ಸವರಿದೆ. ಗೆಲುವಿನ ಕಾಗದ ತೆಗೆಸಿ, ಆಯೇಶಾಳಿಂದ ಕೆಳಗೆ ಕನ್ನಡದಲ್ಲಿ ಬರೆಸಿಕೊಂಡು, ಮನೆಗೆ ಬಂದು ಬಾಗೇವಾಡಿಗೆ ಫೋನು ಹಚ್ಚಿದೆ. ಗೆದ್ದವಳು ನಾನೇ ಎಂದು ಇಡೀ ದುನಿಯಾದ ಕಂಪ್ಯೂಟರು ತೀರ್ಪು ಕೊಟ್ಟಿದೆ, ಕಾಗದ ಕೈಯಲ್ಲಿದೆ ಎಂದು ಬೀಗರಿಗೆ ಪೂರ್ತಿ ಓದಿ ಹೇಳಿದೆ. ಅವರು ಸಮಾಧಾನದಿಂದ ಕೇಳಿದರು.

"ಭಾಳ ಚಲೋ ಆತು ಬೀಗರ. ಹಂಗಾರ ಹಲಗೀನೂ ಅದರ ಕಡೇನ ಇಸ್ಕೋರಿ."

ಫೋನು ಇಟ್ಟೆ. ಬಾಗಿಲಲ್ಲಿ ವಿಜಯಶ್ರೀ ನಿಂತಿದ್ದಳು. ಎರಡೂ ಕಡೆಯ ಮಾತು ಕೇಳಿಸಿಕೊಂಡವಳ ಮುಖ ಅದು. ಬಂದು ನನ್ನ ಕೈಯಿಂದ ಕಾಗದ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ ಅಳತೆ ನೋಡಿದಳು.

"ಇದು ಇತ್ಲಾಗ ಇರ್ಲಿ ಅತ್ತೀ. ನಮ್ಮ ಹಿಟ್ಟಿನ ಡಬ್ಬಿಗೂ ಮುಚ್ಚಳ ಇಲ್ಲ."