ದೋಣಿ ಮಾರಲು ಹೊರಟ ಭಾನುವಾರ

ಒಂದು ತಿರುಪು ಕೈಜಾರಿತು. ಹಿತ್ತಾಳೆಯದು, ಕಿರುಬೆರಳಿನ ಉಗುರಿನಷ್ಟು ಉದ್ದದ್ದು. ದೋಣಿಯ ನೆಲಹಲಗೆಯ ಸಂದಿಗೆ ಬಿದ್ದು, ಹೊಟ್ಟೆಯೊಳಗೆ ಟಣ್ ಟಣ್ ಎಂದು ಉರುಳಿ, ಕೈಗೂ ಕಡ್ಡಿಗೂ ಎಟುಕದ ಯಾವುದೋ ಮೂಲೆಯಲ್ಲಿ ನಿಂತಿತು. ಕ್ಯಾಪ್ಟನ್ ಮಂಡಿಯೂರಿ ಕೂತು ಆ ಸದ್ದನ್ನು ಕೊನೆಯವರೆಗೂ ಕೇಳಿದ. ಮೂರು ವರ್ಷದಲ್ಲಿ ಹೀಗೆ ಒಳಗೆ ಹೋದ ತಿರುಪುಗಳಿಗೆ ಲೆಕ್ಕವಿರಲಿಲ್ಲ. ಮೊದಮೊದಲು ದಾರಕ್ಕೆ ಅಯಸ್ಕಾಂತ ಕಟ್ಟಿ ಇಳಿಬಿಡುತ್ತಿದ್ದ. ಹಿತ್ತಾಳೆಗೆ ಅಯಸ್ಕಾಂತ ಹಿಡಿಯುವುದಿಲ್ಲ ಎಂಬುದು ಆಮೇಲೆ ನೆನಪಾಗಿ ಬೈದುಕೊಳ್ಳುತ್ತಿದ್ದ. ಈ ಭಾನುವಾರ ಬೆಳಿಗ್ಗೆ ಬೈಯುವುದಕ್ಕೂ ಮನಸ್ಸಾಗಲಿಲ್ಲ. ಏಣಿ ಇಳಿದು ಅಡುಗೆಮನೆಗೆ ಹೋಗಿ ಬಾಗಿಲಿಗೆ ಒರಗಿ ನಿಂತ.

"ಮಾರ್ಬಿಡೋಣ ಕಣೇ," ಎಂದ.

ಏನನ್ನು ಎಂದು ಹೆಂಡತಿ ಕೇಳಲಿಲ್ಲ. ಒಲೆ ಸಣ್ಣಗೆ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು, ಅವನು ಮನಸ್ಸು ಬದಲಿಸುವ ಮೊದಲೇ ತಮ್ಮನಿಗೆ ಫೋನು ಹಚ್ಚಿದಳು.

ಕ್ಯಾಪ್ಟನ್ ಎಂಬುದು ಬೀದಿಯವರು ಇಟ್ಟ ಹೆಸರು. ಅವನು ಸಮುದ್ರದಲ್ಲಿ ಮೊಣಕಾಲಿಗಿಂತ ಮೇಲೆ ಒದ್ದೆಯಾದವನಲ್ಲ. ಹಲ್ಲಿನ ಡಾಕ್ಟರೊಬ್ಬರ ಕೋಣೆಯ ಹಿಂದೆ, ಕಿಟಕಿಯಿಲ್ಲದ ಒಂದು ಗೂಡಿನಲ್ಲಿ ಕೂತು ಕಟ್ಟುಹಲ್ಲು ಮಾಡುವುದು ಅವನ ಕಸುಬು. ವಾರದಲ್ಲಿ ಆರು ದಿನ ಬೇರೆಯವರ ಬಾಯಿಯದೇ ವಿಚಾರ. ಒಬ್ಬರಿಗೆ ಹಲ್ಲು ಕಚ್ಚುತ್ತದೆ, ಒಬ್ಬರಿಗೆ ಸಡಿಲ, ಇನ್ನೊಬ್ಬರಿಗೆ ನಗುವಾಗ ಮಾತ್ರ ಜಾರುತ್ತದೆ. ಯಾರೂ ಬಾಯಿ ತೆರೆಯದ ಒಂದು ಜಾಗಕ್ಕೆ ಹೋಗಿ ಗಾಳ ಬಿಟ್ಟುಕೊಂಡು ಸುಮ್ಮನೆ ಕೂರಬೇಕು ಎಂದು ಅವನಿಗೆ ಆಸೆಯಾದದ್ದು ತಪ್ಪಲ್ಲ. ಆ ಆಸೆಯನ್ನು ಭಾವಮೈದುನನ ಮುಂದೆ ಹೇಳಿದ್ದು ತಪ್ಪು.

ಭಾವಮೈದುನ ಒಂದೇ ವಾರದಲ್ಲಿ ದೋಣಿ ಹುಡುಕಿದ್ದ. ಯಾವನೋ ಶ್ರೀಮಂತ ದೊಡ್ಡ ಮೀನಿನ ಬೇಟೆಗೆಂದು ಮೂವತ್ತು ವರ್ಷದ ಹಿಂದೆ ಮಾಡಿಸಿದ್ದ ಫೈಬರ್ ದೋಣಿ ಅದು. ಇಪ್ಪತ್ತಾರು ಅಡಿ ಉದ್ದ, ಡೀಸೆಲ್ ಇಂಜಿನ್ನು, ಹಿಂಭಾಗದಲ್ಲಿ ಮೀನಿನೊಂದಿಗೆ ಜಗ್ಗಾಡುವವನಿಗೆಂದು ಗಿರಗಿರ ತಿರುಗುವ ಒಂದು ಕುರ್ಚಿ. ಬಣ್ಣ ಹೊಡೆದರೆ ಮುಗಿಯಿತು ಎಂದಿದ್ದ ಭಾವಮೈದುನ. ಬಣ್ಣ ಕೆರೆದರೆ ಕೆಳಗೆ ಬಿರುಕು, ಬಿರುಕು ಬಿಡಿಸಿದರೆ ಕೊಳೆತ ಹಲಗೆ, ಹಲಗೆ ಎತ್ತಿದರೆ ತುಕ್ಕು ಹಿಡಿದ ಎಣ್ಣೆ ತೊಟ್ಟಿ, ತೊಟ್ಟಿಯ ಹಿಂದೆ ಇಲಿಗಳು ತಿಂದುಳಿಸಿದ ತಂತಿಗಳ ಗೋಜಲು. ಅಂದಿನಿಂದ ಕ್ಯಾಪ್ಟನ್‌ಗೆ ಆರು ದಿನ ಹಲ್ಲು ಉಜ್ಜುವುದು, ಏಳನೆಯ ದಿನ ದೋಣಿ ಉಜ್ಜುವುದು. ದೋಣಿ ಮನೆಯ ಪಕ್ಕದ ಓಣಿಯಲ್ಲಿ ಗಾಡಿಯ ಮೇಲೆ, ಊಟಕ್ಕೆ ಬಂದು ಅಲ್ಲೇ ಉಳಿದುಬಿಟ್ಟ ದೂರದ ನೆಂಟನ ಹಾಗೆ ಕೂತಿತ್ತು. ಪಕ್ಕದ ಮನೆಯ ನಿವೃತ್ತ ಹೆಡ್‌ಮೇಡಂ ಅವರ ಅಡುಗೆಮನೆಗೆ ಬೆಳಕು ಬರದೆ ಮೂರು ವರ್ಷವಾಗಿತ್ತು. ಅವರು ಹಗಲಲ್ಲೂ ದೀಪ ಹಾಕಿಕೊಂಡು ತರಕಾರಿ ಹೆಚ್ಚುತ್ತಿದ್ದರು, ಹೆಚ್ಚುವಾಗ ಕಿಟಕಿಯಿಂದಲೇ ಅವನ ಕೆಲಸ ತಿದ್ದುತ್ತಿದ್ದರು.

ಹತ್ತು ಗಂಟೆಗೆ ಭಾವಮೈದುನ ಬಂದ. ಗಿರಾಕಿ ಸಿಕ್ಕಿದ್ದಾನೆ, ಸರಿಯಾಗಿ ಇಂಥದ್ದೇ ದೋಣಿ ಹುಡುಕುತ್ತಿರುವ ಮನುಷ್ಯ, ಮಧ್ಯಾಹ್ನ ಮೂರಕ್ಕೆ ನೋಡಲು ಬರುತ್ತಾನೆ ಎಂದ. ಇಷ್ಟು ಸುಲಭವಾಗಿ ಆಗುವ ಕೆಲಸ ತನ್ನ ಹಣೆಯಲ್ಲಿ ಬರೆದಿಲ್ಲ ಎಂದು ಕ್ಯಾಪ್ಟನ್‌ಗೆ ಅನ್ನಿಸಿತು. ಆದರೂ ಪೊರಕೆ ತೆಗೆದುಕೊಂಡ.

ಊಟಕ್ಕೆ ಕೂತಾಗ ಹೆಂಡತಿ ಅವನ ಮುಖವನ್ನು ಚೆನ್ನಾಗಿ ನೋಡಿದಳು.

"ರೀ, ಈ ಮುಖ ಇಟ್ಕೊಂಡು ನಿಂತ್ರೆ ಆಗಲ್ಲ. ತೊಲಗಿದ್ರೆ ಸಾಕು ಅನ್ನೋ ಹಾಗಿದ್ದೀರಿ. ಯಾರು ತಗೋತಾರೆ? ಸ್ವಲ್ಪ ಬೇಜಾರಿರ್ಲಿ. ಮಗಳನ್ನ ಗಂಡನ ಮನೆಗೆ ಕಳಿಸೋ ಥರ ಇರಿ."

"ಬೆನ್ನು ನೋವು, ಅದಕ್ಕೇ ಮಾರ್ತಿದೀನಿ ಅನ್ನು ಭಾವ," ಎಂದು ಭಾವಮೈದುನ ಅನ್ನಕ್ಕೆ ಸಾರು ಸುರಿದುಕೊಂಡ.

ಬೆನ್ನು ನಿಜವಾಗಿಯೂ ನೋಯುತ್ತಿತ್ತು. ಅಷ್ಟು ಮಟ್ಟಿಗೆ ಸುಳ್ಳಿನ ಶ್ರಮ ಉಳಿಯಿತು.

ಮೂರಕ್ಕೆ ಗಿರಾಕಿ ಬಂದರು. ದಪ್ಪ ಮೀಸೆಯ, ಮೆತ್ತಗಿನ ಮಾತಿನ ದೊಡ್ಡ ಮನುಷ್ಯ. ದೋಣಿಯನ್ನು ಕಂಡವರೇ ಎರಡು ಹೆಜ್ಜೆ ಹಿಂದೆ ಸರಿದು, ಹಳೆಯ ಸ್ನೇಹಿತನನ್ನು ಕಂಡವರ ಹಾಗೆ ನಿಂತರು. ಅದರ ಮೈಮೇಲೆ ಕೈ ಸವರಿ ನೋಡಿದರು. ಇಂಜಿನ್ ಒಮ್ಮೆ ಚಾಲೂ ಮಾಡಿ ತೋರಿಸಬಹುದೇ ಎಂದು ಕೇಳಿದರು.

ನೀರಿನಲ್ಲಿದ್ದಾಗ ಆ ಇಂಜಿನ್ನು ಕೆಳಗಿನಿಂದ ನೀರು ಹೀರಿ ತಣ್ಣಗಾಗುತ್ತದೆ. ನೆಲದ ಮೇಲಿದ್ದರೆ ನಲ್ಲಿಯ ಪೈಪು ಕೊಡಬೇಕು. ಕೊಟ್ಟ ನೀರು ಹೊಗೆಯ ಜೊತೆಗೆ ಹಿಂಭಾಗದ ಕೊಳವೆಯಿಂದ ಹೊರಗೆ ಬೀಳುತ್ತದೆ. ಹೇಗಾದರೂ ಗಿರಾಕಿಯನ್ನು ಮೆಚ್ಚಿಸಬೇಕೆಂದು ಭಾವಮೈದುನ ನಲ್ಲಿಯನ್ನು ಪೂರ್ತಿ ತಿರುಗಿಸಿದ. ಕ್ಯಾಪ್ಟನ್ ಕೀಲಿ ತಿರುಗಿಸಿದ. ಇಂಜಿನ್ನು ಕೆಮ್ಮಿತು, ನಡುಗಿತು, ಮೂರು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದ ಮಸಿಯನ್ನೆಲ್ಲ ಕಪ್ಪು ನೀರು ಮಾಡಿ ಹಿಂದಕ್ಕೆ ಉಗುಳಿತು. ಹಿಂದೆ, ಗೋಡೆಯಾಚೆ, ಹೆಡ್‌ಮೇಡಂ ಅವರ ನಾಲ್ಕು ಬಿಳಿ ಹೊದಿಕೆಗಳು ಒಣಗುತ್ತಿದ್ದವು.

ಇಂಜಿನ್ ನಿಲ್ಲಿಸು ಎಂದು ಕ್ಯಾಪ್ಟನ್ ಕೂಗಿದ. ಚಾಲೂ ಮಾಡಿದವನು ತಾನೇ ಎಂಬುದು ಸ್ವಲ್ಪ ತಡವಾಗಿ ಹೊಳೆಯಿತು.

ಗಿರಾಕಿಯ ಗಮನ ಬೇರೆಡೆಗೆ ಸೆಳೆಯಲು ಭಾವಮೈದುನ ಹಾರಿ ಆ ತಿರುಗುವ ಕುರ್ಚಿಯಲ್ಲಿ ಕೂತ. ಎಂಥ ಮೀನು ಜಗ್ಗಿದರೂ ಇದು ಅಲ್ಲಾಡುವುದಿಲ್ಲ ಎಂದು ಕಾಲು ಒದ್ದು ತಿರುಗಿದ. ಒಂದು ಸುತ್ತು, ಎರಡು ಸುತ್ತು. ಮೂರನೆಯದಕ್ಕೆ ಕುರ್ಚಿ ಬುಡಸಮೇತ ಕಿತ್ತುಕೊಂಡು, ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಮಗ್ಗುಲಾಯಿತು. ಅಲ್ಲಿಂದಲೇ ಅವನು, ಬೇಕಾದಾಗ ಬಿಚ್ಚಿಡಬಹುದಾದ ಕುರ್ಚಿ ಇದು ಎಂದು ವಿವರಿಸಿದ.

ಅಷ್ಟರಲ್ಲಿ ಹೆಡ್‌ಮೇಡಂ ಒಂದು ಹೊದಿಕೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಓಣಿಗೆ ಬಂದರು. ಗಿರಾಕಿ ಇರುವುದನ್ನು ನೋಡಿ ದನಿ ತಗ್ಗಿಸಿದರು. ಮೇಡಂ ತಗ್ಗಿದ ದನಿಯಲ್ಲಿ ಮಾತಾಡಿದರೆ ಇಡೀ ಶಾಲೆ ನಡುಗುತ್ತಿತ್ತಂತೆ.

"ನೋಡಿ ಇವರೇ, ನಾನು ಸುಳ್ಳು ಹೇಳೋಳಲ್ಲ. ಈ ಮನುಷ್ಯ ಮೂರು ವರ್ಷ ಹಬ್ಬ ನೋಡ್ಲಿಲ್ಲ, ಹರಿದಿನ ನೋಡ್ಲಿಲ್ಲ. ಮಳೇಲಿ ಕೊಡೆ ಹಿಡ್ಕೊಂಡು ಇದನ್ನ ಉಜ್ಜಿದ್ದಾರೆ. ಜ್ವರ ಬಂದಾಗಲೂ ಬಂದು ಮುಟ್ಟಿ ಹೋಗಿದ್ದಾರೆ. ಇಂಥವರು ಇದನ್ನ ಯಾಕೆ ಮಾರ್ತಾರೆ ಅಂತ ನೀವು ಕೇಳ್ಬೇಕು."

ದೋಣಿಯಲ್ಲಿ ಏನೋ ಐಬು ಇದೆ, ವಿಚಾರಿಸಿಕೊಳ್ಳಿ ಎಂಬುದು ಅವರ ಮಾತಿನ ಅರ್ಥ. ಗಿರಾಕಿಯ ಕಿವಿಗೆ ಅದು ಬೇರೆ ಥರ ಬಿತ್ತು. ಅವರು ಕ್ಯಾಪ್ಟನ್ ಕಡೆ ತಿರುಗಿ, ಯಾಕೆ ಮಾರುತ್ತಿದ್ದೀರಿ ಎಂದು ಮೃದುವಾಗಿ ಕೇಳಿದರು.

ಅಡುಗೆಮನೆಯ ಕಿಟಕಿಯಿಂದ ಹೆಂಡತಿ ಬೇಜಾರು, ಬೇಜಾರು ಎಂದು ಸನ್ನೆ ಮಾಡುತ್ತಿದ್ದಳು. ಕ್ಯಾಪ್ಟನ್ ದೋಣಿಯ ಪಕ್ಕಕ್ಕೆ ಕೈಯಿಟ್ಟು, ಬೆನ್ನು ನೋವು ಎಂದು ಶುರುಮಾಡಿದ. ಆಮೇಲೆ ಮಾತು ತಾನಾಗಿಯೇ ಬಂತು. ಈ ಮೂಲೆಯೊಂದನ್ನು ಎಷ್ಟು ಸಲ ಉಜ್ಜಿದ್ದೇನೆ ಗೊತ್ತೇ ಎಂದ. ಯಾವ ಬಿರುಕು ಎಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ ಎಂದ. ರಾತ್ರಿ ಕನಸಿನಲ್ಲೂ ಇದೇ ಬರುತ್ತದೆ ಎಂದ. ಒಂದೂ ಸುಳ್ಳಲ್ಲ. ಮೂರು ವರ್ಷದ ದಣಿವೆಲ್ಲ ಒಟ್ಟಿಗೆ ಉಕ್ಕಿ, ಕಣ್ಣಲ್ಲಿ ನೀರೂ ಬಂತು. ಉಜ್ಜಿದ ಫೈಬರಿನ ಧೂಳೂ ಸ್ವಲ್ಪ ಇತ್ತು.

ಮೀಸೆಯವರು ಕರವಸ್ತ್ರ ತೆಗೆದರು. ಕ್ಯಾಪ್ಟನ್‌ನ ಎರಡೂ ಕೈ ಹಿಡಿದುಕೊಂಡು, ಬೆಲೆಯ ಮಾತೇ ಎತ್ತದೆ, ಬಂದ ಕಾರಿನಲ್ಲಿ ಹೊರಟುಹೋದರು.

ಕಾರು ಓಣಿ ದಾಟುವವರೆಗೆ ಎಲ್ಲರೂ ನೋಡುತ್ತ ನಿಂತರು. ಆಮೇಲೆ ಎಲ್ಲರೂ ಒಬ್ಬರ ತಪ್ಪನ್ನು ಇನ್ನೊಬ್ಬರ ಮೇಲೆ ಹೇರಿದರು. ಮೇಡಂ ಕುರ್ಚಿಯನ್ನು ಬೈದರು, ಭಾವಮೈದುನ ಮೇಡಂ ಬಾಯಿಯನ್ನು, ಹೆಂಡತಿ ತಮ್ಮನನ್ನು. ಕ್ಯಾಪ್ಟನ್ ಬಕೆಟ್ಟಿನಲ್ಲಿ ಸೋಪು ಕಲಸಿಕೊಂಡು ಕೂತು ನಾಲ್ಕು ಹೊದಿಕೆ ಒಗೆದ. ಮಸಿ ಬೂದಿಬಣ್ಣವಾಯಿತು, ಅದಕ್ಕಿಂತ ಮುಂದೆ ಹೋಗಲಿಲ್ಲ.

ಹೊತ್ತು ಮುಳುಗುವ ಮೊದಲು ಓಣಿಯ ಬಾಯಲ್ಲಿ ಟ್ರ್ಯಾಕ್ಟರಿನ ಸದ್ದಾಯಿತು. ಮುಂದೆ ಕಾರು, ಕಾರಿನಲ್ಲಿ ಮೀಸೆಯವರು, ಪಕ್ಕದಲ್ಲಿ ಅವರ ಹೆಂಡತಿ. ಹಿಂದೆ ಟ್ರ್ಯಾಕ್ಟರು. ಟ್ರ್ಯಾಕ್ಟರಿನ ಹಿಂದೆ, ಗಾಡಿಯ ಮೇಲೆ, ಒಂದು ದೋಣಿ. ಅದೇ ಅಚ್ಚು, ಅದೇ ಉದ್ದ. ಬಣ್ಣ ಮಾತ್ರ ಕುಷ್ಠ ಹತ್ತಿದ ಹಾಗೆ ಎದ್ದಿತ್ತು.

"ನಿಜ ಹೇಳ್ಬಿಡ್ತೀನಿ ಯಜಮಾನ್ರೇ," ಎಂದರು ಮೀಸೆಯವರು. "ನಾನು ಬಂದಿದ್ದು ನಿಮ್ಮದನ್ನ ಬಿಚ್ಚಿ ಇದಕ್ಕೆ ಸಾಮಾನು ಹೊಂದಿಸೋಣ ಅಂತ. ಹನ್ನೊಂದು ವರ್ಷದಿಂದ ಶೆಡ್ಡಲ್ಲಿ ಇಟ್ಕೊಂಡು ಒದ್ದಾಡ್ತಿದ್ದೆ. ನಿಮ್ಮ ಕಣ್ಣೀರು ನೋಡಿದ್ಮೇಲೆ ನನಗೆ ನಾಚಿಕೆ ಆಯ್ತು. ನಿಮ್ಮ ಕೈಯಿಂದ ಅದನ್ನ ಕಿತ್ಕೊಳ್ಳೋದಲ್ಲ, ಇದನ್ನೂ ನಿಮ್ಮ ಕೈಗೇ ಕೊಡ್ಬೇಕು. ಬೇಡ ಅನ್ಬೇಡಿ. ಕಾಗದ ಪತ್ರ ಎಲ್ಲ ಈ ಲಕೋಟೇಲಿದೆ."

ಕ್ಯಾಪ್ಟನ್ ಬೇಡ ಎನ್ನಲು ಬಾಯಿ ತೆರೆದ. ಲಕೋಟೆ ಆಗಲೇ ಅವನ ಒದ್ದೆ ಕೈಯಲ್ಲಿತ್ತು. ಕಾರಿನಲ್ಲಿದ್ದ ಹೆಂಗಸು ಕಿಟಕಿಯಿಂದ ಕೈಮುಗಿದರು. ಹರಕೆ ತೀರಿದವರ ಮುಖ ಅದು. ಮೀಸೆಯವರು ಕಾರಿನ ಕಡೆ ನಡೆದ ರೀತಿ ನೋಡಿದರೆ, ಮಧ್ಯಾಹ್ನಕ್ಕಿಂತ ಹತ್ತು ವರ್ಷ ಚಿಕ್ಕವರಂತೆ ಕಾಣುತ್ತಿದ್ದರು.

ಓಣಿಯಲ್ಲಿ ಜಾಗವಿದ್ದದ್ದು ಒಂದೇ ಕಡೆ. ಟ್ರ್ಯಾಕ್ಟರಿನವನು ಹಿಂದೆ ಮುಂದೆ ಮಾಡಿ ಎರಡನೆಯ ದೋಣಿಯನ್ನು ಕ್ಯಾಪ್ಟನ್ ಮನೆಯ ಅಡುಗೆಮನೆ ಕಿಟಕಿಗೇ ತಾಗಿಸಿ ನಿಲ್ಲಿಸಿದ. ಒಳಗೆ ಹೆಂಡತಿ ದೀಪ ಹಾಕಿದಳು. ಹೆಡ್‌ಮೇಡಂ ಅದನ್ನು ನೋಡಿ, ಮೂರು ವರ್ಷದಲ್ಲಿ ಮೊದಲ ಸಲ ಏನೂ ತಿದ್ದದೆ ಮನೆಯೊಳಗೆ ಹೋದರು.

ಇದರ ಇಂಜಿನ್ನು ಅದಕ್ಕಿಂತ ಚೆನ್ನಾಗಿರುವಂತಿದೆ ಎಂದು ಭಾವಮೈದುನ ಅನ್ನುತ್ತಿದ್ದ. ಅದನ್ನು ನೋಡುವುದಕ್ಕೋ, ಅವನ ಮಾತಿನಿಂದ ತಪ್ಪಿಸಿಕೊಳ್ಳುವುದಕ್ಕೋ, ಕ್ಯಾಪ್ಟನ್ ಏಣಿ ಹತ್ತಿ ಎರಡನೆಯ ದೋಣಿಯೊಳಗೆ ಕಾಲಿಟ್ಟ. ಹಲಗೆ ನೆನೆದ ರೊಟ್ಟಿಯ ಹಾಗೆ ಮೆತ್ತಗೆ ಬಾಯ್ಬಿಟ್ಟಿತು. ಬಲಗಾಲು ತೊಡೆಯವರೆಗೂ ಒಳಗೆ ಹೋಯಿತು. ನೋವಾಗಲಿಲ್ಲ. ಎಳೆದು ನೋಡಿದ, ಬರಲಿಲ್ಲ. ಎರಡನೆಯ ಸಲ ಎಳೆಯಲಿಲ್ಲ.

ಕಿಟಕಿ ಈಗ ಅವನ ಮುಖದಿಂದ ಒಂದು ಮೊಳ ದೂರದಲ್ಲಿತ್ತು. ಹೆಂಡತಿ ಬಂದು ಅವನನ್ನೂ, ಕಾಣದ ಕಾಲನ್ನೂ ಸ್ವಲ್ಪ ಹೊತ್ತು ನೋಡಿದಳು.

"ಕಾಫಿ ಅಲ್ಲಿಗೇ ಕೊಡ್ಲಾ, ಇಳಿದು ಬರ್ತೀರಾ?" ಎಂದು ಕೇಳಿದಳು.

ಕ್ಯಾಪ್ಟನ್ ಎಡಗಾಲು ಮಡಚಿಕೊಂಡು ಹಲಗೆಯ ಮೇಲೆ ಸರಿಯಾಗಿ ಕೂತ.

"ಇಲ್ಲಿಗೇ ಕೊಡು," ಎಂದ.