ಅತ್ತೆಯ ಮೂರು ದಿನದ ರಜೆ

ನೋಡಿ, ಅತ್ತೆ ಪುನಃ ಕರೆದರು. ಪೆನ್ನಿನ ಮುಚ್ಚಳ ತೆಗೆದು ಕೂತದ್ದಷ್ಟೇ, ಒಂದು ಸಾಲು ಬರೆದಿಲ್ಲ. ಮೊದಲು ಕಿಟಕಿ ತೆರೆಯಲು ಕರೆದರು. ತೆರೆದು ಬಂದೆ. ಆಮೇಲೆ, "ಈ ಚಳಿಯಲ್ಲಿ ಕಿಟಕಿ ತೆರೆದಿಟ್ಟ ಬುದ್ಧಿವಂತರು ಯಾರು?" ಎಂದು ಕೇಳಲು ಕರೆದರು. ಮುಚ್ಚಿ ಬಂದೆ. ಈಗ ಕರೆದದ್ದು, "ಎಷ್ಟು ಕರೆದರೂ ನೀನು ಬರುವುದೇ ಇಲ್ಲ" ಎಂದು ಹೇಳಲಿಕ್ಕೆ. ಸಾಂತಾಕ್ರೂಜಿನ ಚಾಳಿನ ಎರಡು ಕೋಣೆಯಲ್ಲಿ ಅತ್ತೆ ಕರೆದದ್ದು ಕೇಳಿಸಲಿಲ್ಲ ಎನ್ನುವ ಹಾಗಿಲ್ಲ. ತಲೆಯ ಮೇಲೆ ವಿಮಾನ ಹೋಗುವಾಗ ಮಾತ್ರ ಆ ಸೌಲಭ್ಯ ಉಂಟು.

ನಮ್ಮ ಮನೆಯಲ್ಲಿ ಇಂಥದ್ದು ಈಗ ದಿನವೂ ಒಂದಲ್ಲ ಒಂದು. ಕಾರಣ ಅತ್ತೆಯ ಪ್ರಾಯ. ನಲವತ್ತಾರೋ ನಲವತ್ತೇಳೋ ಇರಬೇಕು. ಅವರನ್ನೇ ಕೇಳಿದರೆ ನಲವತ್ತು. ಹೆಂಗಸರಿಗೆ ಅದು ನಿಲ್ಲುವ ಕಾಲ. ನಿಲ್ಲುವ ಮೊದಲು ಏನೇನು ಆಟ ಆಡಿಸುತ್ತದೆ ಎಂದು ಯಾವ ಶಾಲೆಯಲ್ಲೂ ಕಲಿಸುವುದಿಲ್ಲ. ನನಗೆ ಹತ್ತನೆಯ ತನಕ ಕಲಿಸಲಿಲ್ಲ. ಹನ್ನೊಂದರ ಪುಸ್ತಕದಲ್ಲಿ ಇತ್ತೋ ಏನೋ, ಅಷ್ಟರಲ್ಲಿ ಮದುವೆ ಮಾಡಿಬಿಟ್ಟರು.

ಸೆಕೆ, ಸಿಟ್ಟು, ಕಾರಣವಿಲ್ಲದ ಅಳು ಇವು ಯಾವುದೂ ಅತ್ತೆಗೆ ಚಿಂತೆಯಲ್ಲ. ಸಿಟ್ಟು ಬರುವುದು ಅವರಿಗೆ, ಚಿಂತೆ ಮಾಡುವುದು ನಾವು. ಅವರ ಚಿಂತೆಯೇ ಬೇರೆ. ನಮ್ಮ ಉಡುಪಿ ಕಡೆಯ ಪದ್ಧತಿ ಗೊತ್ತಲ್ಲ. ಹೊರಗಾದ ಹೆಂಗಸು ಮೂರು ದಿನ ಒಲೆ, ನೀರು, ಪಾತ್ರೆ ಯಾವುದನ್ನೂ ಮುಟ್ಟುವಂತಿಲ್ಲ. ದೂರ ಚಾಪೆ ಹಾಕಿ ಕೂರಬೇಕು, ಬಡಿಸಿದ್ದನ್ನು ಉಣ್ಣಬೇಕು. ಊರಿನಲ್ಲಿ ಅದಕ್ಕೆ ಬೇರೆ ಕೋಣೆ; ಇಲ್ಲಿ ಗ್ಯಾಲರಿಯ ತುದಿಯಲ್ಲಿ ಒಂದು ಗೋಣಿ ಪರದೆ. ಇದನ್ನು ಶಿಕ್ಷೆ ಎನ್ನುವವರು ಮೂರು ಹೊತ್ತು ಗಂಡಸರಿಗೆ ಬೇಯಿಸಿ ಹಾಕಿದವರಲ್ಲ. ಚಿಕ್ಕ ಪ್ರಾಯದಲ್ಲಿ ಒಲೆಯ ಮುಂದೆ ಕೂತ ಅತ್ತೆಗೆ ಈ ಜನ್ಮದಲ್ಲಿ ಸಿಕ್ಕಿದ ರಜೆ ಇದೊಂದೇ. ಈಗ ಅದಕ್ಕೂ ಕುತ್ತು ಬಂದಿತ್ತು.

"ಮಿಲ್ಲಿನವರ ರಜೆ ಕಡಿದರೆ ಯೂನಿಯನ್ ಉಂಟು. ನನ್ನ ರಜೆ ಕಡಿದರೆ ಎಂತ ಉಂಟು?" ಎನ್ನುತ್ತಿದ್ದರು.

ಹಂಡೆ ಸಾರು

ಮೊದಲೆಲ್ಲ ಅತ್ತೆ ಹೊರಗಿದ್ದಾಗ ನಾನು ಒಳಗೆ, ನಾನು ಹೊರಗಿದ್ದಾಗ ಅತ್ತೆ ಒಳಗೆ. ಅತ್ತೆಯ ದಿನಗಳು ಹಿಂದುಮುಂದಾಗತೊಡಗಿದ ಮೇಲೆ ಒಂದು ಬೆಳಿಗ್ಗೆ ಇಬ್ಬರೂ ಒಟ್ಟಿಗೇ ಹೊರಗಾದೆವು. ಒಂದೇ ಗೋಣಿ ಪರದೆಯ ಹಿಂದೆ ಅತ್ತೆ, ಸೊಸೆ. ನನ್ನ ಮಗು ಮಾತ್ರ ಎರಡೂ ಕಡೆ ಓಡಾಡುತ್ತಿತ್ತು. ಬಟ್ಟೆ ಬಿಚ್ಚಿದರೆ ಮಗುವಿಗೆ ಮೈಲಿಗೆ ಇಲ್ಲ ಎಂದು ಶಾಸ್ತ್ರ. ಅದಕ್ಕೆ ಅದು ಇಡೀ ದಿನ ಬತ್ತಲೆ.

ಮಾವ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ದೊಡ್ಡ ಅಡುಗೆಯವರು. ದಿನಕ್ಕೆ ಇನ್ನೂರು ಜನರಿಗೆ ಬೇಯಿಸುತ್ತಾರೆ. ಮನೆಗೆ ಬಂದರೆ ನೀರಿನ ಲೋಟವನ್ನೂ ಕೈಗೆ ಕೊಡಬೇಕು. ನನ್ನ ಗಂಡ ಕೆಲಸಕ್ಕೆ ಹೋಗಿಯಾಗಿತ್ತು; ಮಾವನಿಗೆ ಆ ದಿನ ವಾರದ ರಜೆ.

"ಒಂದು ಅನ್ನ, ಒಂದು ಸಾರು. ಎಂತ ಮಹಾ ಕೆಲಸ?" ಎಂದು ಪಂಚೆ ಎತ್ತಿ ಕಟ್ಟಿದರು.

ನನ್ನ ಸಾರಿನ ಪಾತ್ರೆಯನ್ನು ಎತ್ತಿ ನೋಡಿದರು. "ಇದು ಒಗ್ಗರಣೆಗಾ?"

"ಅದರಲ್ಲೇ ಮಾಡುವುದು ಮಾವ."

"ಇಷ್ಟರಲ್ಲಿ ನನಗೆ ಕೈ ಓಡುವುದಿಲ್ಲ" ಎಂದು ಸ್ನಾನದ ನೀರು ಕಾಯಿಸುವ ಹಂಡೆಯನ್ನೇ ಇದ್ದಿಲಿನ ಸಿಗಡಿ ಒಲೆಯ ಮೇಲೆ ಏರಿಸಿದರು.

ಪರದೆಯ ಒಳಗಿಂದ ಅತ್ತೆ ಕೇಳಿದರು: "ಉಪ್ಪು ಎಷ್ಟು ಹಾಕಿದಿರಿ?"

"ಕೈ ಅಂದಾಜು."

"ಯಾವ ಕೈ? ಮನೆಯದ್ದಾ, ಹೋಟೆಲಿನದ್ದಾ?"

ಆಚೆಯಿಂದ ನೀರು ಹೊಯ್ಯುವ ಸದ್ದು. ನೀರು ಹೆಚ್ಚಾಯಿತೆಂದು ಬೇಳೆ, ಬೇಳೆ ಹೆಚ್ಚಾಯಿತೆಂದು ಹುಳಿ, ಹುಳಿ ಹೆಚ್ಚಾಯಿತೆಂದು ಬೆಲ್ಲ, ಬೆಲ್ಲಕ್ಕೆ ಸರಿಯಾಗಲೆಂದು ಪುನಃ ಉಪ್ಪು. ಮಧ್ಯಾಹ್ನಕ್ಕೆ ಹಂಡೆ ಕಂಠದವರೆಗೆ ತುಂಬಿತ್ತು. ಪರಿಮಳಕ್ಕೆ ಇಡೀ ಚಾಳು ಪಾತ್ರೆ ಹಿಡಿದು ಬಂದು ಸಾಲುನಿಂತಿತು. ಕೆಳಗಿನ ಮನೆಯವರು ಮದುವೆಯಾ ಮುಂಜಿಯಾ ಎಂದು ಕೇಳಿಕೊಂಡು ಹೋದರು.

ಎಲ್ಲ ಮುಗಿದ ಮೇಲೆ ಮಾವ ಬೆವರು ಒರೆಸುತ್ತ ಪರದೆಯ ಬಳಿ ಬಂದರು. "ಹೇಗಾಗಿತ್ತು?"

ಹೊಟ್ಟೆ ತುಂಬ ಉಂಡು ಒರಗಿದ್ದ ಅತ್ತೆ ಹೇಳಿದರು: "ಅಡ್ಡಿಲ್ಲ. ಇನ್ನು ಹಂಡೆ ತಿಕ್ಕಿಬಿಡಿ. ನಮಗೆ ಮುಟ್ಟುವ ಹಾಗಿಲ್ಲ."

ಉಪ್ಪು ಹಚ್ಚಿದ ಮಾವಿನಕಾಯಿ

ಅದಾದ ಮೇಲೆ ಅತ್ತೆ ಪರದೆಯ ಹಿಂದೆ ಹೋಗುವುದೇ ನಿಂತಿತು. ಚಾಳಿನಲ್ಲಿ ಯಾರು ಹೊರಗೆ ಕೂತರು ಎನ್ನುವುದು ಎಲ್ಲರಿಗೂ ಗೊತ್ತು. ಯಾರು ಕೂರಲಿಲ್ಲ ಎನ್ನುವುದು ಇನ್ನೂ ಚೆನ್ನಾಗಿ ಗೊತ್ತು. ಒಂದು ದಿನ ಪಕ್ಕದ ಮನೆಯ ಮರಾಠಿ ಹೆಂಗಸು, ಚಾಳಿಗೆಲ್ಲ ಚಿಕ್ಕಮ್ಮನಂತಿರುವ ಕಾಕು, ಸೆರಗಿನಡಿ ಬಟ್ಟಲು ಮುಚ್ಚಿಕೊಂಡು ಬಂದರು. ಅದರಲ್ಲಿ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಹೋಳು. ಬಟ್ಟಲನ್ನು ಅತ್ತೆಯ ಕೈಗಿಟ್ಟು, ಕೆನ್ನೆ ಸವರಿ, ಮರಾಠಿಯಲ್ಲಿ ಏನೋ ಪಿಸುಗುಟ್ಟಿದರು.

ಅತ್ತೆಗೆ ಮರಾಠಿ ಬಾರದು. "ಎಂತ ಹೇಳ್ತಾಳೆ ಇವಳು?"

"ಇನ್ನೂ ಏನು ತಿನ್ನಬೇಕು ಅನಿಸುತ್ತದೆ ಎಂದು ಕೇಳುತ್ತಿದ್ದಾರೆ."

ಮಾವಿನಕಾಯಿ ಎಂದರೆ ಅತ್ತೆಗೆ ಹುಟ್ಟಿದಾಗಿನಿಂದ ಪ್ರಾಣ. "ನಾಳೆಯೂ ತರಲಿ. ಇದಕ್ಕಿಂತ ಹುಳಿ ಇದ್ದರೆ ಒಳ್ಳೆಯದಿತ್ತು ಅಂತ ಹೇಳು."

ನಾನು ಹಾಗೆಯೇ ಹೇಳಿದೆ. ಕಾಕುವಿಗೆ ಅಷ್ಟೇ ಬೇಕಿತ್ತು.

ಸಂಜೆಯೊಳಗೆ ಸುದ್ದಿ ಹೋಟೆಲಿಗೆ ಮುಟ್ಟಿತು. ಬಡಿಸುವವರೆಲ್ಲ ಮಾವನನ್ನು ಸುತ್ತುಗಟ್ಟಿ, "ಪಾಯಸ ಯಾವಾಗ ಅಣ್ಣ?" ಎಂದರಂತೆ. ಮಾವ ಕೆಂಪಾದ ಮುಖ ಹೊತ್ತು, ಒಂದು ಮೊಳ ಮಲ್ಲಿಗೆ ಹಿಡಿದು ಮನೆಗೆ ಬಂದರು. ಬಾಗಿಲಲ್ಲೇ ನಿಂತು, "ಊರಿಗೆಲ್ಲ ಗೊತ್ತುಂಟು. ನನಗೊಬ್ಬನಿಗೆ ಹೇಳಲಿಲ್ಲ ನೀನು" ಎಂದರು.

"ಎಂತದನ್ನು?"

ಮಾವ ನೆಲದಲ್ಲಿ ಆಡುತ್ತಿದ್ದ ಮೊಮ್ಮಗುವನ್ನು ನೋಡಿದರು, ಅತ್ತೆಯನ್ನು ನೋಡಿದರು. ಅತ್ತೆಗೆ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ಅರ್ಥವಾದ ಮೇಲೆ ಕೈಗೆ ಸೌಟು ಬರಲು ಸಮಯ ಹಿಡಿಯಲಿಲ್ಲ. ನೇರ ಕಾಕುವಿನ ಬಾಗಿಲಿಗೆ ಹೋದರು. ತುಳು, ಕನ್ನಡ, ಬಂದಷ್ಟು ಹಿಂದಿ, ಎಲ್ಲ ಸೇರಿಸಿ ಬೈದರು. ಚಾಳಿನ ಮೂರು ಮಾಳಿಗೆಯವರೂ ಹೊರಗೆ ಬಂದು ಕೇಳಿದರು.

ಕಾಕು ಶಾಂತವಾಗಿ ಎಲ್ಲ ಕೇಳಿ, ಅತ್ತೆಯ ಹಿಂದೆ ನಿಂತಿದ್ದ ನನ್ನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದರು: "ಈ ಸ್ಥಿತಿಯಲ್ಲಿ ಸಿಟ್ಟು ಜಾಸ್ತಿಯೇ ಮಗಳೇ. ನೀನೇ ಸಹಿಸಿಕೊಳ್ಳಬೇಕು."

ಔಷಧ

ಸಿಟ್ಟಿಗೆಂದು ಮಾವ ಕಾಂದಿವಲಿಯ ಒಬ್ಬ ವೈದ್ಯರಿಂದ ಅರಿಷ್ಟದ, ಅಂದರೆ ಹುದುಗಿಸಿದ ಕಷಾಯದ, ಬಾಟಲಿ ತಂದರು. ಊಟವಾದ ಮೇಲೆ ಒಂದು ಔನ್ಸ್. ಮೊದಲ ದಿನ ಅತ್ತೆ ಮುಖ ಕಿವುಚಿ ಕುಡಿದರು. ಮರುದಿನ ಕಿವುಚದೆ ಕುಡಿದರು. ಆಮೇಲೆ ಊಟಕ್ಕೆ ಮೊದಲೂ ಒಂದು, ಬೈದು ಸುಸ್ತಾದರೆ ಒಂದು, ಅಳು ಬಂದರೆ ಒಂದು. ಒಂದು ಸಂಜೆ ನಾನು ಮಾಡಿದ ಹುಳಿಯನ್ನು ಹೊಗಳಿದರು. ಮದುವೆಯಾಗಿ ಬಂದ ಮೇಲೆ ಅದೇ ಮೊದಲು. ನನಗೆ ಆಗಲೇ ಹೆದರಿಕೆಯಾಯಿತು.

ಈ ಊರಿನಲ್ಲಿ ಸರಕಾರ ಕುಡಿತ ನಿಲ್ಲಿಸಿದೆಯಲ್ಲ. ನಮ್ಮ ಚಾಳಿನ ಕೆಳಗಿನ ಕೋಣೆಯಲ್ಲಿರುವ ಪೊಲೀಸನ ಮೂಗು ಅದಕ್ಕೇ ತಯಾರಾದದ್ದು. ಅತ್ತೆ ಗ್ಯಾಲರಿಯಲ್ಲಿ ಕೂತು ರಾಗವಾಗಿ ಶೋಭಾನೆ ಹಾಡುತ್ತಿದ್ದಾಗ ಅವನು ಮೆಟ್ಟಿಲು ಹತ್ತಿ ಬಂದ. ಮೂಗು ಎತ್ತಿ ಗಾಳಿ ಹಿಡಿದ. "ಇಲ್ಲಿ ಯಾರು ಕುಡಿದದ್ದು?" ಎಂದು ಹಿಂದಿಯಲ್ಲಿ ಗದರಿದ. ಗದರುವಾಗ ಒಂದು ಕೆಮ್ಮು ಬಂತು.

ಅತ್ತೆಗೆ ಅರ್ಥವಾದದ್ದು ಆ ಕೆಮ್ಮು ಮಾತ್ರ. "ಪಾಪ, ಎದೆ ಕಟ್ಟಿದೆ ಹುಡುಗನಿಗೆ" ಎಂದು ಬಾಟಲಿ ತಂದು ಒಂದು ಔನ್ಸ್ ಕೊಟ್ಟರು. ಅವನು ಕುಡಿದ. ತುಟಿ ಒರೆಸಿದ. ಬಾಟಲಿಯ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದ. "ಇದು ಔಷಧವೇ" ಎಂದು ತೀರ್ಪು ಕೊಟ್ಟು ಇಳಿದುಹೋದ.

ಮಳೆಗಾಲ ಮುಗಿಯುವ ತನಕ ಅವನ ಕೆಮ್ಮು ವಾಸಿಯಾಗಲಿಲ್ಲ.

ಮಾವನ ತಂಗಿ

ಮಾವನಿಗೆ ಒಬ್ಬ ತಂಗಿ, ದಹಿಸರಿನಲ್ಲಿ ಮನೆ. ಗಂಡನಿಗೆ ಅಂಗಡಿ, ಮಕ್ಕಳು ದೊಡ್ಡವರು, ಕೈಯಲ್ಲಿ ಕೆಲಸವಿಲ್ಲ. ಅದಕ್ಕೆ ನಮ್ಮಲ್ಲಿಗೆ ಬರುತ್ತಾರೆ. ಬಂದರೆ ಹಾಸಿದ ಚಾಪೆಯಿಂದ ಏಳುವುದಿಲ್ಲ. ಕಾಫಿ ಕೊಟ್ಟರೆ, "ಅತ್ತಿಗೆ, ಇದು ಕಾಫಿಯಾ? ನಾನು ಲೋಟ ತೊಳೆದ ನೀರು ಅಂತ ಗ್ರಹಿಸಿದೆ." ದೋಸೆ ಕೊಟ್ಟರೆ, "ಅಣ್ಣನ ಹೋಟೆಲಿನಿಂದ ತರಿಸಬಹುದಿತ್ತಲ್ಲ." ಇಪ್ಪತ್ತು ಚಿಲ್ಲರೆ ವರ್ಷ ಅತ್ತೆ ಇದನ್ನು ನುಂಗಿದವರು.

ಈ ಸಲ ಆ ತಂಗಿ ಮೆಟ್ಟಿಲು ಹತ್ತುವ ಸದ್ದು ಕೇಳುವುದೇ ತಡ, ಅತ್ತೆ ಚಾಪೆ ಸುತ್ತಿಕೊಂಡು ಗೋಣಿ ಪರದೆಯ ಹಿಂದೆ ಹೋದರು. ಎಷ್ಟೋ ತಿಂಗಳ ನಂತರ! ನಾನು ಪಾಪ ಎಂದುಕೊಂಡು ಬೇಯಿಸಿ ಹಾಕಿದೆ. ತಂಗಿ ಚುಚ್ಚಲು ಅತ್ತಿಗೆ ಸಿಗದೆ ಬೇಸರಪಟ್ಟು ಮರುದಿನವೇ ಹೊರಟರು. ಮುಂದಿನ ವಾರ ಪುನಃ ಬಂದರು; ಅತ್ತೆ ಪುನಃ ಹೊರಗೆ. ಆಮೇಲೊಂದು ಸಲವೂ ಹಾಗೆಯೇ. ನಾಲ್ಕನೆಯ ದಿನ ಅತ್ತೆಯ ಬಟ್ಟೆ ನೋಡಿದೆ. ಒಗೆಯುವಂಥದ್ದು ಏನೂ ಇರಲಿಲ್ಲ. ಹೆಂಗಸರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಹೊರಗಾದವರನ್ನು ಕಾಗೆ ಮುಟ್ಟಿದೆ ಎಂದು ಮಕ್ಕಳಿಗೆ ಹೇಳುತ್ತೇವಲ್ಲ. ನಾನು ಪರದೆಯ ಹತ್ತಿರ ಹೋಗಿ ಕೇಳಿದೆ: "ಅತ್ತೇ, ಈ ಕಾಗೆ ದಹಿಸರ್ ಲೋಕಲಿನಲ್ಲೇ ಬರುವುದಾ?"

ಒಳಗಿಂದ ಉತ್ತರ ಬಂತು: "ಮಧ್ಯಾಹ್ನಕ್ಕೆ ಎಂತ ಮಾಡಿದ್ದಿ?"

ಆದರೆ ಮಾವ ಹೆದರಿಬಿಟ್ಟರು. ತಿಂಗಳಿಗೆ ಮೂರು ಸಲ ರಕ್ತ ಹೋದರೆ ಮನುಷ್ಯ ಉಳಿಯುವುದುಂಟಾ? ದಾಳಿಂಬೆ ತಂದರು, ಖರ್ಜೂರ ತಂದರು. ಒಂದು ದಿನ ನನ್ನ ಹತ್ತಿರ ಮೆಲ್ಲ ಹೇಳಿದರು: "ನಿನ್ನ ಅತ್ತೆಗೆ ಏನಾದರೂ ಆದರೆ ನಾನು ಎಂತ ಮಾಡುವುದು? ನನಗೆ ಇನ್ನೂರು ಜನರಿಗೆ ಬೇಯಿಸಲಿಕ್ಕೆ ಗೊತ್ತು. ಒಬ್ಬನಿಗೆ ಬೇಯಿಸಲಿಕ್ಕೆ ಗೊತ್ತಿಲ್ಲ."

ಮರುದಿನ ಹೋಟೆಲಿಗೆ ರಜೆ ಹಾಕಿ, ನಮ್ಮಿಬ್ಬರನ್ನೂ ಒಬ್ಬ ಲೇಡಿ ಡಾಕ್ಟರ ದವಾಖಾನೆಗೆ ಕರೆದುಕೊಂಡು ಹೋದರು. ಮಾವ ಹೊರಗಿನ ಬೆಂಚಿನಲ್ಲಿ ಕೂತರು. ಡಾಕ್ಟರ್ ಕೇಳುವುದು ಹಿಂದಿಯಲ್ಲಿ. ಅತ್ತೆಗೆ ಹಿಂದಿ ತರಕಾರಿ ಮಾರುವ ಭಾಜಿವಾಲಾನಿಗೆ ಬೈಯಲು ಸಾಕಾಗುವಷ್ಟು ಮಾತ್ರ. ಹಾಗಾಗಿ ನಡುವೆ ನಾನು.

"ಎಷ್ಟು ದಿನಕ್ಕೊಮ್ಮೆ ಆಗುತ್ತದೆ ಅಂತ ಕೇಳುತ್ತಾರೆ ಅತ್ತೆ."

ಅತ್ತೆ ಮೇಲಿನ ಮಾಡು ನೋಡಿದರು, ನೆಲ ನೋಡಿದರು. ತಪ್ಪಿಸಿಕೊಳ್ಳಲು ದಾರಿ ಕಾಣಲಿಲ್ಲ. "ನಾದಿನಿ ಬಂದಾಗಲೆಲ್ಲ ಅಂತ ಹೇಳು."

ನಾನು ಹಾಗೆಯೇ ಹಿಂದಿಯಲ್ಲಿ ಹೇಳಿದೆ. ಡಾಕ್ಟರ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಪರೀಕ್ಷೆ ಮಾಡಿ, "ಎಂದೋ ನಿಂತಿದೆ. ಈ ಸೆಕೆ, ಸಿಟ್ಟು ಎಲ್ಲ ಅದರದ್ದೇ, ನಿಧಾನ ಇಳಿಯುತ್ತದೆ. ಗಟ್ಟಿ ಇದ್ದಾರೆ. ಹೊರಗಿರುವ ಯಜಮಾನರಿಗೆ ನೀನೇ ಹೇಳಿಬಿಡು" ಎಂದು ಮುಂದಿನವರನ್ನು ಕರೆದರು.

ಬಾಗಿಲ ಹತ್ತಿರ ಅತ್ತೆ ನನ್ನ ಕೈ ಹಿಡಿದರು. ಸಿಟ್ಟಿನ ಕೈಯಲ್ಲ. "ನಿಂತಿತು ಅಂತ ಅವರಿಗೆ ಹೇಳಬೇಡ ಮಾರಾಯ್ತಿ. ಹೊರಗೆ ಕೂತಾಗ ಮಾತ್ರ ನನ್ನ ಎದುರಿಗೆ ಒಬ್ಬರು ತಟ್ಟೆ ಇಟ್ಟದ್ದು. ಅದೂ ಹೋದರೆ ಇನ್ನು ನನಗೆ ಚಟ್ಟಕ್ಕೆ ಏರಿದ ದಿನವೇ ರಜೆ."

ನಾನು ಆ ಕೈಯನ್ನು ಬಿಡದೆ ಹೊರಗೆ ಬಂದೆ.

ಮಾವ ಬೆಂಚಿನಿಂದ ಎದ್ದು ಬಂದರು. ಮುಖದಲ್ಲಿ ರಕ್ತವಿಲ್ಲ. "ಜೀವಕ್ಕೆ ಏನೂ ಇಲ್ಲ ಅಲ್ವಾ?"

"ಏನೂ ಇಲ್ಲ ಮಾವ. ವಿಶ್ರಾಂತಿ ಬೇಕಂತೆ. ಈಗ ಹೊರಗೆ ಕೂರುತ್ತಾರಲ್ಲ, ಹಾಗೆಯೇ ಆಗಾಗ ಕೂತರೆ ಒಳ್ಳೆಯದಂತೆ. ಆ ದಿನಗಳಲ್ಲಿ ಒಂದು ಕಡ್ಡಿಯನ್ನೂ ಎತ್ತಬಾರದಂತೆ."

ಮಾವನಿಗೆ ಹೋದ ಜೀವ ಬಂತು. ಅತ್ತೆಯ ಮುಖ ಅರಳಿತು. ಅರಳಿದ್ದು ನಾಲ್ಕು ಹೆಜ್ಜೆಯ ತನಕ.

"ಹಾಗಾದರೆ ನೀವಿಬ್ಬರು ಮನೆಗೆ ನಡೆಯಿರಿ" ಎಂದರು ಮಾವ ಉತ್ಸಾಹದಲ್ಲಿ. "ನಾನು ಈಗಲೇ ಲೋಕಲ್ ಹಿಡಿದು ದಹಿಸರಿಗೆ ಹೋಗ್ತೇನೆ. ಮಗು ಕಟ್ಟಿಕೊಂಡು ನೀನೊಬ್ಬಳೇ ಎಷ್ಟು ಅಂತ ಮಾಡುವುದು? ಇವಳಿಗೆ ಪೂರಾ ಗುಣ ಆಗುವ ತನಕ ತಂಗಿ ನಮ್ಮಲ್ಲೇ ಇರಲಿ."

ಅತ್ತೆಯ ಉಗುರು ನನ್ನ ತೋಳಿನಲ್ಲಿ ಇಳಿಯಿತು. ನಾನು ಅತ್ತೆಯ ಮುಖ ನೋಡಿದೆ, ಅತ್ತೆ ನನ್ನ ಮುಖ ನೋಡಿದರು. ಮಾವ ಎರಡು ಹೆಜ್ಜೆ ಹೋದವರು ತಿರುಗಿ ನಿಂತರು.

"ಅಂದ ಹಾಗೆ, ಪೂರಾ ಗುಣ ಆಗಲಿಕ್ಕೆ ಎಷ್ಟು ಸಮಯ ಬೇಕಂತೆ?"